ಪ್ರೋಟೀನ್ ಒಡೆಯುವ ಕೆಲಸ ಕೈಕೊಟ್ಟರೆ ಕ್ಯಾನ್ಸರ್ ಯಾಕೆ ಬರುತ್ತದೆ?

ಹಳೆ ಪ್ರೋಟೀನ್ ಒಡೆಯದೆ ಉಳಿದು, ಜೀವಕೋಶದಲ್ಲಿ ಕಸ ಜಾಸ್ತಿಯಾಗಿ ಕ್ಯಾನ್ಸರ್ ಬರುತ್ತದಾ ಅಂತ ಕೇಳಿದ್ದೀರಿ. ಕಸದ ಲೆಕ್ಕ ಬಿಟ್ಟುಬಿಡಿ. ಕೋಶ ಇಬ್ಭಾಗವಾಗುವಾಗ ಒಡೆದುಹೋಗುವ ಪ್ರೋಟೀನ್‌ಗಳು ಕೆಟ್ಟಿರುವುದೇ ಇಲ್ಲ, ಚೆನ್ನಾಗೇ ಇರುತ್ತವೆ. ಅವುಗಳ ಸರದಿ ಮುಗಿದಿರುತ್ತದೆ, ಅಷ್ಟೇ.

1980ರ ದಶಕದ ಶುರುವಿನಲ್ಲಿ ವಿಜ್ಞಾನಿ ಟಿಮ್ ಹಂಟ್ ಸೀ ಅರ್ಚಿನ್ ಅನ್ನುವ ಕಡಲ ಜೀವಿಯ ಮೊಟ್ಟೆಗಳಲ್ಲಿ ಒಂದು ವಿಚಿತ್ರ ಕಂಡರು. ಒಂದು ಪ್ರೋಟೀನ್ ಹೆಚ್ಚುತ್ತಾ ಹೋಗಿ, ಕೋಶ ಎರಡಾಗುವ ಹೊತ್ತಿಗೆ ಥಟ್ಟನೆ ಮಾಯವಾಗುತ್ತಿತ್ತು. ಮತ್ತೆ ಹೆಚ್ಚುತ್ತಿತ್ತು, ಮತ್ತೆ ಮಾಯ. ಅದೇ ಸೈಕ್ಲಿನ್. ಅದು ಮಾಯವಾಗದಿದ್ದರೆ ಕೋಶ ಬೆಳೆದು ಎರಡಾಗುವ ಚಕ್ರ ಮುಂದಿನ ಹಂತಕ್ಕೆ ಸರಿಯಾಗಿ ಹೋಗುವುದೇ ಇಲ್ಲ.

ಮಾಯ ಮಾಡುವುದು ಹೀಗೆ: ಒಡೆಯಬೇಕಾದ ಪ್ರೋಟೀನ್‌ಗೆ ಯುಬಿಕ್ವಿಟಿನ್ ಅನ್ನುವ ಪುಟ್ಟ ಪ್ರೋಟೀನ್‌ಗಳು ಸಾಲಾಗಿ ಅಂಟಿಕೊಳ್ಳುತ್ತವೆ, ಆ ಗುರುತು ಬಿದ್ದದ್ದನ್ನು ಪ್ರೋಟಿಯಾಸೋಮ್ ಅನ್ನುವ ಕೋಶದ ಕತ್ತರಿ ಯಂತ್ರ ಕತ್ತರಿಸಿ ಹಾಕುತ್ತದೆ. ಯಾವುದಕ್ಕೆ ಅಂಟಿಸಬೇಕು ಅಂತ ಆರಿಸುವುದು ಇ3 ಲೈಗೇಸ್ ಅನ್ನುವ ಕಿಣ್ವಗಳು. ಕ್ಯಾನ್ಸರ್‌ನಲ್ಲಿ ಎಡವಟ್ಟು ಹೆಚ್ಚಾಗಿ ಆಗುವುದು ಈ ಆಯ್ಕೆಯಲ್ಲೇ.

ಅಂಥ ಒಂದು ಇ3 ಲೈಗೇಸ್‌ನ ಆರಿಸುವ ಭಾಗವಾದ ಎಫ್‌ಬಿಎಕ್ಸ್‌ಡಬ್ಲ್ಯೂ7 ತಗೊಳ್ಳಿ. ಫಾಸ್ಫೇಟ್ ಅನ್ನುವ ರಾಸಾಯನಿಕ ಗುರುತು ಕೂತಿರುವ ಸೈಕ್ಲಿನ್ ಇ (ಸೈಕ್ಲಿನ್‌ಗಳಲ್ಲಿ ಒಂದು ಬಗೆ) ಬಂದರೆ ಅದನ್ನು ಹಿಡಿಯುವುದು ಇದರ ಕೆಲಸ. ಹಿಡಿಯುವ ಜಾಗದಲ್ಲಿರುವ ಆರ್ಜಿನಿನ್ ಅನ್ನುವ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಹಿಡಿತ ತಪ್ಪುತ್ತದೆ. ಸೈಕ್ಲಿನ್ ಇ ಉಳಿದುಬಿಡುತ್ತದೆ, ಕೋಶ ತಯಾರಿಲ್ಲದೆ ಡಿಎನ್ಎ ನಕಲು ಮಾಡಲು ಹೊರಡುತ್ತದೆ, ಕ್ರೋಮೋಸೋಮ್‌ಗಳು ಮುರಿದು ಎಡವಟ್ಟಾಗುತ್ತವೆ. ಮಿಕ್ ಅನ್ನುವ ಬೆಳವಣಿಗೆಯ ಪ್ರೋಟೀನನ್ನು ತೆಗೆಯುವುದೂ ಇದೇ, ಹಾಗಾಗಿ ಪೆಟ್ಟು ಎರಡೆರಡು ಕಡೆ. ದೊಡ್ಡಕರುಳಿನ ಕ್ಯಾನ್ಸರ್, ಟಿ-ಕೋಶದ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್ ಎರಡರಲ್ಲೂ ಈ ಬದಲಾವಣೆ ಸಿಗುತ್ತದೆ. (ಇದೊಂದರಿಂದಲೇ ಕ್ಯಾನ್ಸರ್ ಬಂದುಬಿಡುವುದಿಲ್ಲ, ಬೇರೆ ತಪ್ಪುಗಳೂ ಸೇರಬೇಕು.)

ನಿಮ್ಮ ಪ್ರಶ್ನೆಯಲ್ಲಿ ಬಿಟ್ಟುಹೋದದ್ದು ಇದರ ಉಲ್ಟಾ ಕಥೆ. ಉಳಿಯಬೇಕಾದದ್ದನ್ನು ಒಡೆದರೂ ಅಷ್ಟೇ ಅಪಾಯ. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ನೋಡಿ, ನನಗಂತೂ ಇದರ ಚಾಲಾಕಿತನ ಬೆರಗು ಹುಟ್ಟಿಸುತ್ತದೆ. ಅದರ ಇ6 ಪ್ರೋಟೀನ್ ತಾನಾಗಿ ಏನನ್ನೂ ಒಡೆಯುವುದಿಲ್ಲ, ನಮ್ಮದೇ ಕೋಶದ ಒಂದು ಲೈಗೇಸನ್ನು ಎಳೆದು ತಂದು ಪಿ53 ಅನ್ನುವ ಕಾವಲು ಪ್ರೋಟೀನ್ ಮೇಲೆ ಬಿಡುತ್ತದೆ. ಡಿಎನ್ಎ ಹಾಳಾದಾಗ ಕೋಶವನ್ನು ತಡೆಯಬೇಕಿದ್ದ ಪಿ53 ಚೂರಾಗಿ ಹೋಗುತ್ತದೆ.

ಹಾಗಾದರೆ ಪ್ರೋಟಿಯಾಸೋಮನ್ನೇ ನಿಲ್ಲಿಸಿದರೆ ಕ್ಯಾನ್ಸರ್ ಜಾಸ್ತಿಯಾಗಬೇಕಲ್ವಾ? ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಬೋರ್ಟೆಜೊಮಿಬ್ ಮಾಡುವುದು ಅದನ್ನೇ, ಆದರೆ ಅದು ಮಲ್ಟಿಪಲ್ ಮೈಲೋಮಾ ಅನ್ನುವ, ಆಂಟಿಬಾಡಿ ತಯಾರಿಸುವ ಕೋಶಗಳ ಕ್ಯಾನ್ಸರ್‌ಗೆ ಔಷಧ! ಆ ಕ್ಯಾನ್ಸರ್ ಕೋಶಗಳು ಆಂಟಿಬಾಡಿ ಪ್ರೋಟೀನನ್ನು ವಿಪರೀತ ತಯಾರಿಸುತ್ತವೆ. ಕೆಟ್ಟದ್ದನ್ನು ಒಡೆದು ತೆಗೆಯುವ ದಾರಿ ಮುಚ್ಚಿದರೆ ಉಸಿರುಗಟ್ಟಿ ಸಾಯುತ್ತವೆ. ಗಡ್ಡೆ ಕಟ್ಟುವ ಕ್ಯಾನ್ಸರ್‌ಗಳಲ್ಲಿ ಮಾತ್ರ ಈ ಔಷಧ ಅಷ್ಟಾಗಿ ಫಲ ಕೊಟ್ಟಿಲ್ಲ.