ಡಿಪ್ಲೊಮಾ ಅಂದ್ರೆ ಓದು ಅಲ್ಲಿಗೇ ಮುಗೀತಾ?

(ಗುರುತು ಸಿಗೋ ವಿವರ ಎಲ್ಲಾ ಬದಲಿಸಿದೀನಿ.)

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ್ಮೇಲೆ ಮುಂದೇನು ಓದೋದು ಅಂತ ಸಲಹೆ ಕೇಳೋಕೆ ಅಪ್ಪ ಮಗಳು ನನ್ ಹತ್ರ ಬಂದಿದ್ರು. ಹುಡುಗಿಗೆ 74 ಪರ್ಸೆಂಟು, ಅಪ್ಪಂದು ಮೋಟರ್ ವೈಂಡಿಂಗ್ ಅಂಗಡಿ. "ಮೇಡಂ, ಪಿಯುಸಿಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತಗೋ ಅಂತ ನೀವೇ ಒಂದ್ ಮಾತು ಹೇಳಿ, ನಮ್ ಭಾವನ ಮಗಳು ನೀಟ್ ಕೋಚಿಂಗ್ ಸೇರಿದಾಳೆ, ಇವ್ಳು ನೋಡಿದ್ರೆ ಡಿಪ್ಲೊಮಾ ಅಂತ ಹಠ ಹಿಡ್ದು ಕೂತಿದಾಳೆ, ಈ ಗ್ರೀಸು ನನ್ ಕಾಲಕ್ಕೇ ಸಾಕು ಮೇಡಂ."

ಅಪ್ಪನ್ನ ಹೊರಗೆ ಕೂರ್ಸಿ ಹುಡುಗೀನ ಮಾತಾಡಿಸ್ದೆ. ಬಯಾಲಜಿ ಅಂದ್ರೆ ತಲೆ ತಗ್ಗಿಸಿದ್ಲು, ಅಂಗಡಿ ವಿಷ್ಯ ಎತ್ತಿದ್ ತಕ್ಷಣ ಮಾತೋ ಮಾತು. ಸುಟ್ಟೋಗಿರೋ ಪಂಪ್‌ಸೆಟ್ ಮೋಟರ್ ಬಂದ್ರೆ ಹಳೇ ಕಾಯಿಲ್ ಕೀಳೋಕ್ ಮುಂಚೆ ಎಷ್ಟು ಸುತ್ತು, ಯಾವ ಗೇಜ್ ವೈರು ಅಂತ ನೋಟ್‌ಬುಕ್ಕಲ್ಲಿ ಬರ್ಕೊಳೋದು ಇವ್ಳೇ ಅಂತೆ. ಬರೀ ಹಠ ಅಲ್ಲ ಇದು ಅನ್ನಿಸ್ತು.

ಆಮೇಲೆ ಇಬ್ರನ್ನೂ ಕೂರ್ಸಿ ಲೆಕ್ಕ ಹಾಕ್ದೆ. ಪಿಯುಸಿ 2 ವರ್ಷ, ಬಿಇ 4 ವರ್ಷ. ಡಿಪ್ಲೊಮಾ 3, ಮುಗಿಸಿ ಡಿಸಿಇಟಿ (ಡಿಪ್ಲೊಮಾ ಆದೋರು ಬಿಇ ಸೇರೋಕೆ ಬರೆಯೋ ಪರೀಕ್ಷೆ) ಬರೆದು ಸೀಟು ಸಿಕ್ರೆ ಸೀದಾ ಬಿಇ ಎರಡನೇ ವರ್ಷ, ಅಲ್ಲಿ ಇನ್ನೊಂದ್ 3. ಹೆಂಗೆ ಹೋದ್ರೂ 6 ವರ್ಷಾನೇ. ಅಪ್ಪಂಗೆ ಇದು ಗೊತ್ತೇ ಇರ್ಲಿಲ್ಲ, ಡಿಪ್ಲೊಮಾ ಅಂದ್ರೆ ಅಲ್ಲಿಗೆ ಓದು ಮುಗೀತು ಅಂದ್ಕೊಂಡಿದ್ರು, ಸುಮಾರ್ ಜನ ಹಂಗೇ ಅಂದ್ಕೊಂಡಿರ್ತಾರೆ. ಮಧ್ಯ ದುಡ್ಡಿಗೆ ತಾಪತ್ರಯ ಆಯ್ತು ಅಂದ್ರೂ 3 ವರ್ಷಕ್ಕೆ ಒಂದು ಸರ್ಟಿಫಿಕೇಟ್ ಕೈಲಿರುತ್ತೆ, ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ತಗೊಂಡು ಕೆಲ್ಸ ಕಲೀಬೋದು.

ಹುಡುಗಿಗೂ ಖಡಕ್ಕಾಗೇ ಹೇಳ್ದೆ, ನೋಡಮ್ಮ ಇದಕ್ಕೆ ಸೇರಿದ್ರೆ ಡಾಕ್ಟರ್ ದಾರಿ ಬಿಟ್ಟಂಗೆ, ಅದನ್ನ ತಿಳ್ಕೊಂಡೇ ಹೂಂ ಅನ್ನು. ಆಮೇಲೆ ಡಿಪ್ಲೊಮಾ ಬರೀ ಸ್ಪ್ಯಾನರ್ ಹಿಡಿಯೋದಲ್ಲ, ಮೊದಲ್ನೇ ವರ್ಷಾನೇ ಮ್ಯಾಥ್ಸ್ ಇರುತ್ತೆ, ನಿಂಗೆ ಅದ್ರಲ್ಲೇ ಮಾರ್ಕ್ಸ್ ಕಮ್ಮಿ, ರಜೆಲಿ ಕೂತು ಬೀಜಗಣಿತ ತಿರುಗಾ ಮಾಡು.

ಅಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಹತ್ರದ ಸರ್ಕಾರಿ ಪಾಲಿಟೆಕ್ನಿಕ್‌ಗೆ ಇಬ್ರೂ ಹೋಗಿ ಎಲೆಕ್ಟ್ರಿಕಲ್ ಲ್ಯಾಬ್ ನೋಡ್ಕೊಂಡ್ ಬನ್ನಿ, ಫೈನಲ್ ಇಯರ್ ಹುಡುಗೀರ ಹತ್ರ ಮಾತಾಡಿ, ಆಮೇಲೆ ಡಿಸೈಡ್ ಮಾಡಿ ಅಂದಿದೀನಿ. ಆದ್ರೆ ಅದಕ್ಕೂ ಮುಂಚೆ ನಾಡಕಚೇರಿ. ಜಾತಿ-ಆದಾಯ ಸರ್ಟಿಫಿಕೇಟಲ್ಲಿ ಇವ್ಳ ಇನಿಶಿಯಲ್ ಒಂಥರ, ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂಥರ, ಅದನ್ನ ಸರಿ ಮಾಡ್ಸಿ ಆ ಸರ್ಟಿಫಿಕೇಟ್ ಮೇಲಿರೋ ಆರ್‌ಡಿ ನಂಬರ್ ಕೈಲಿಟ್ಕೊಳ್ದಿದ್ರೆ ಪಿಯುಸಿ ಆಗ್ಲಿ ಡಿಪ್ಲೊಮಾ ಆಗ್ಲಿ ಸ್ಕಾಲರ್‌ಶಿಪ್ ಅರ್ಜಿ ಮುಂದಕ್ಕೇ ಹೋಗಲ್ಲ.