ಮತ್ತೆ ಮತ್ತೆ ಉರಿಮೂತ್ರ: ಗಾರ್ಮೆಂಟ್ಸ್ ಕೆಲಸದ ನಡುವೆ ಏನು ಮಾಡಲಿ?

ಪ್ರಶ್ನೆ: ನನಗೆ 34 ವರ್ಷ. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬಾತ್‌ರೂಮಿಗೆ ಎದ್ದರೆ ಪೀಸ್ ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾರೆ. ಹಾಗಾಗಿ ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ. ಈ ವರ್ಷ ಮೂರು ಸಲ ಉರಿಮೂತ್ರ ಬಂತು. ಮೆಡಿಕಲ್ ಶಾಪಿನ ಮಾತ್ರೆ ತಗೊಂಡರೆ ಇಳಿಯುತ್ತದೆ, ಮತ್ತೆ ಬರುತ್ತದೆ. ವಿಪರೀತ ಸುಸ್ತು, ತಲೆನೋವು, ನಿದ್ದೆ ಇಲ್ಲ. ನನ್ನ ದೇಹವೇ ಸರಿಯಿಲ್ಲವಾ ಡಾಕ್ಟ್ರೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಇಲ್ಲಮ್ಮ, ನಿಮ್ಮ ದೇಹವನ್ನು ಬೈದುಕೊಳ್ಳಬೇಡಿ. ಹೆಂಗಸರ ಮೂತ್ರನಾಳ ಗಿಡ್ಡ, ರೋಗಾಣು ಬೇಗ ಒಳಸೇರುತ್ತದೆ. ಆಗಾಗ ಮೂತ್ರ ಹೋದರೆ ಅದು ಕೊಚ್ಚಿಹೋಗುತ್ತದೆ. ನೀರು ಬಿಟ್ಟು, ಗಂಟೆಗಟ್ಟಲೆ ತಡೆದು ಕೂತರೆ ಒಳಗೇ ಬೆಳೆಯುತ್ತದೆ. ಎರಡು ದಿನ ಮಾತ್ರೆ ನುಂಗಿ ಬಿಟ್ಟಾಗ ಉರಿ ಇಳಿದರೂ ರೋಗಾಣು ಪೂರ್ತಿ ಸಾಯದೆ ಉಳಿಯಬಹುದು. ಮುಂದೆ ಅದೇ ಮಾತ್ರೆ ಕೆಲಸ ಮಾಡದೆಯೂ ಹೋಗಬಹುದು.

ಈ ಸಲ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಡಿಸ್ಪೆನ್ಸರಿಗೇ ಹೋಗಿ. ಮಾತ್ರೆ ಶುರುಮಾಡುವ ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆ ಆಗಲಿ, ಯಾವ ರೋಗಾಣು, ಅದಕ್ಕೆ ಯಾವ ಮಾತ್ರೆ ಎಂದು ಅದು ಹೇಳುತ್ತದೆ. ಸಕ್ಕರೆ ಕಾಯಿಲೆ ಇದ್ದರೂ ಹೀಗೆ ಮರುಕಳಿಸುತ್ತದೆ, ಅದನ್ನೂ ನೋಡಿಸಿ. ಮುಟ್ಟು ತಪ್ಪಿದ್ದರೆ ಮುಚ್ಚಿಡದೆ ಹೇಳಿ. ಚಳಿಜ್ವರ, ಪಕ್ಕೆ ನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಭಾನುವಾರದವರೆಗೆ ಕಾಯಬೇಡಿ, ಅವತ್ತೇ ಹೋಗಿ. ಅದು ಕಿಡ್ನಿಗೆ ಏರಿದ ಸೂಚನೆ ಇರಬಹುದು.

ಬಾಟಲಿ ಮೆಷಿನ್ ಪಕ್ಕದಲ್ಲೇ ಇರಲಿ, ಗುಟುಕು ಗುಟುಕಾಗಿ ಕುಡಿಯಿರಿ. ಟೀ ಹೊತ್ತಿಗೆ, ಊಟದ ಹೊತ್ತಿಗೆ ಅವಸರವಾಗದಿದ್ದರೂ ಮೂತ್ರಕ್ಕೆ ಹೋಗಿಬನ್ನಿ.

ಸುಸ್ತಿಗೆ ರಕ್ತಹೀನತೆ ಕಾರಣವೇ ಎಂದು ಹಿಮೋಗ್ಲೋಬಿನ್ ಪರೀಕ್ಷೆ ಹೇಳುತ್ತದೆ. 12ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಟೀ ಜೊತೆ ನುಂಗಬೇಡಿ, ನಿಂಬೆ ಪಾನಕ ಒಳ್ಳೆಯದು.

ನೀರು ಸಾಲದೆಯೂ ತಲೆನೋವು ಬರುತ್ತದೆ. ಆದರೆ ದಿನಾ ನಾಲ್ಕು ಜನರೆದುರು ಬೈಸಿಕೊಳ್ಳುವ ಭಯ ನಿದ್ದೆ ಕೆಡಿಸುವುದು ಸಹಜ, ಅದೂ ಕಾಯಿಲೆಯ ಭಾಗವೇ ಎಂದು ಡಾಕ್ಟರಿಗೆ ಹೇಳಿ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಂಬಳದಲ್ಲಿ ಇಎಸ್‌ಐಗೆ ಶೇ 0.75 ಕಡಿತವಾಗುತ್ತದಲ್ಲ, ಅದು ನಿಮ್ಮ ಹಕ್ಕಿನ ದುಡ್ಡು. ಅಗತ್ಯ ದಿನಗಳ ವಂತಿಗೆ ಕಟ್ಟಿದ್ದು, ಇಎಸ್‌ಐ ವೈದ್ಯರು ವಿಶ್ರಾಂತಿ ಬರೆದುಕೊಟ್ಟರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70 ಸಿಗುತ್ತದೆ.

ಇಷ್ಟೆಲ್ಲ ಮಾಡಿಯೂ ಬಾತ್‌ರೂಮಿಗೆ ಬಿಡದಿದ್ದರೆ ನಾಲ್ಕನೇ ಸಲವೂ ಬರುತ್ತದೆ, ನನ್ನ ಔಷಧಿ ಅಲ್ಲಿ ಸೋಲುತ್ತದೆ. ಕಾರ್ಖಾನೆಯಲ್ಲಿರುವಷ್ಟು ಹೊತ್ತೂ ಕಾರ್ಮಿಕರಿಗೆ ಶೌಚಾಲಯ ಸಿಗಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನಿಮ್ಮ ಲೈನಿನಲ್ಲಿ ಇದೇ ತೊಂದರೆ ಇರುವ ಇನ್ನೂ ಹಲವರು ಖಂಡಿತ ಇರುತ್ತಾರೆ, ಊಟದ ಹೊತ್ತಿನಲ್ಲಿ ಕೇಳಿನೋಡಿ. ‘ಇವರು ಆಗಾಗ ಮೂತ್ರಕ್ಕೆ ಹೋಗಲೇಬೇಕು’ ಎಂದು ವೈದ್ಯರಿಂದ ಚೀಟಿ ಬರೆಸಿಕೊಂಡು, ಒಬ್ಬರೇ ಹೋಗದೆ ಎಲ್ಲರೂ ಸೇರಿ ಎಚ್‌ಆರ್ ಹತ್ತಿರ ಹೋಗಿ. ಚೀಟಿಯ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.