ಗೆಳೆಯನ ಅಪ್ಪ ತೀರಿಕೊಂಡಾಗ ಹೋಗದವರು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರು ಮೂವತ್ತರ ಆಸುಪಾಸಿನ ಮುಸ್ಲಿಂ ಯುವಕ. ನಿದ್ದೆ ಇಲ್ಲ, ಕೆಲಸದಲ್ಲಿ ಮನಸ್ಸಿಲ್ಲ ಅಂದರು. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ನಿಜ ವಿಷಯ ಹೊರಬಂತು. ಬೇರೆ ಧರ್ಮದ ಬಾಲ್ಯದ ಗೆಳೆಯನ ಅಪ್ಪ ತೀರಿಹೋಗಿದ್ದರು. ಇವರಿಗೆ ಲೆಕ್ಕ ಹೇಳಿಕೊಟ್ಟ, ಸೈಕಲ್ ಕಲಿಸಿದ ಮನುಷ್ಯ. ಹೊರಟು ಬಾಗಿಲವರೆಗೆ ಬಂದಾಗ ಫೋನಿನಲ್ಲಿ ನೋಡಿದ್ದ ಒಂದು ವಿಡಿಯೊ ನೆನಪಾಯಿತಂತೆ. ಬೇರೆ ಧರ್ಮದವರ ಅಂತ್ಯಕ್ರಿಯೆಗೆ ಹೋದರೆ ಈಮಾನೇ, ಅಂದರೆ ನಂಬಿಕೆಯೇ, ಹೋಗುತ್ತದೆ ಅಂತ. ಚಪ್ಪಲಿ ಬಿಚ್ಚಿ ಒಳಗೆ ಕೂತರು. ಗೆಳೆಯ ಯಾಕೆ ಬರಲಿಲ್ಲ ಅಂತ ಕೇಳಲೂ ಇಲ್ಲ.

"ಹೋಗಿದ್ರೂ ತಪ್ಪು, ಹೋಗದಿದ್ರೂ ತಪ್ಪು ಅನ್ಸುತ್ತೆ ಮೇಡಂ."

ಫತ್ವಾ ಕೊಡುವುದು ನನ್ನ ಕೆಲಸವಲ್ಲ, ಅದನ್ನು ಮೊದಲೇ ಹೇಳಿದೆ. ಆದರೆ ಇಂಥ ಇಕ್ಕಟ್ಟಿನ ಬಗ್ಗೆ ವಿದ್ವಾಂಸರು ಎಷ್ಟೊಂದು ತಲೆ ಕೆಡಿಸಿಕೊಂಡಿದ್ದಾರೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಕಡೆ ಏಳುವ ಪ್ರಶ್ನೆಗಳಿಗೆಂದೇ ತಾಹಾ ಜಾಬಿರ್ ಅಲ್-ಅಲ್ವಾನಿ, ಯೂಸುಫ್ ಅಲ್-ಖರ್ದಾವಿ ಮುಂತಾದವರು 1990ರ ದಶಕದಿಂದ 'ಅಲ್ಪಸಂಖ್ಯಾತರ ಫಿಕ್ಹ್' (ಫಿಕ್ಹ್ ಅಂದರೆ ಇಸ್ಲಾಮಿನ ಧರ್ಮಶಾಸ್ತ್ರ) ಬೆಳೆಸಿದರು. ಸಿರಿಯಾದ ವಿದ್ವಾಂಸ ರಮದಾನ್ ಅಲ್-ಬೂತಿ ಅದನ್ನು ಕಟುವಾಗಿ ವಿರೋಧಿಸಿದರು. ಎಲ್ಲರೂ ಒಪ್ಪಿದ ದಾರಿಯೇನಲ್ಲ. ಆದರೆ ಅದರ ಬೇರು ಹಳೆಯದು. ಕಾಲ, ಸ್ಥಳ, ಸಂದರ್ಭ ಬದಲಾದರೆ ಫತ್ವಾ ಬದಲಾಗಬಹುದು ಅಂತ 14ನೇ ಶತಮಾನದಲ್ಲೇ ವಿದ್ವಾಂಸ ಇಬ್ನ್ ಅಲ್-ಖಯ್ಯಿಮ್ ಬರೆದಿದ್ದರು. ಫತ್ವಾ ಅಂದರೆ ಒಬ್ಬರು ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ. ಆ ವಿಡಿಯೊದವರಿಗೆ ಇವರ ಗೆಳೆಯ ಯಾರು, ಆ ಅಪ್ಪ ಯಾರು, ಏನು ಗೊತ್ತು?

ಕುರ್‌ಆನಿನ 60ನೇ ಅಧ್ಯಾಯದ 8ನೇ ವಚನ ಓದಿಸಿದೆ. ಧರ್ಮದ ವಿಷಯದಲ್ಲಿ ನಿಮ್ಮ ಮೇಲೆ ಯುದ್ಧ ಮಾಡದ, ನಿಮ್ಮನ್ನು ಮನೆಯಿಂದ ಹೊರಹಾಕದ ಜನರ ಜೊತೆ ಒಳ್ಳೆಯದಾಗಿ, ನ್ಯಾಯವಾಗಿ ನಡೆದುಕೊಳ್ಳುವುದನ್ನು ಅಲ್ಲಾಹನು ತಡೆಯುವುದಿಲ್ಲ ಎನ್ನುತ್ತದೆ ಅದು. ಯಹೂದಿಯೊಬ್ಬರ ಶವ ಹಾದುಹೋದಾಗ ಪ್ರವಾದಿ ಎದ್ದು ನಿಂತ ಹದೀಸ್ (ಪ್ರವಾದಿಯ ನಡೆನುಡಿಯ ವರದಿ) ನೆನಪಿಸಿದೆ. ಅದೂ ಒಂದು ಜೀವ ಅಲ್ವಾ ಅಂತ ಪ್ರವಾದಿ ಕೇಳಿದ್ದರು. ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಾನು ಮದ್ರಸಾದಲ್ಲಿ ಓದಿದ್ದೇ" ಅಂದರು. ಓದಿದ್ದು ಮರೆತಿರಲಿಲ್ಲ, ಹೆದರಿಕೆ ಮುಂದೆ ಬಂದಿತ್ತು ಅಷ್ಟೇ.

ವುಝೂ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವುದು), ನಮಾಜಿನಲ್ಲೂ ಇದೇ ಥರ ಅನುಮಾನ ಕಾಡುತ್ತಾ, ಮತ್ತೆ ಮತ್ತೆ ಮಾಡ್ತೀರಾ ಅಂತ ವಿಚಾರಿಸಿದೆ. ಇಲ್ಲ ಅಂದರು. ಹೌದು ಅಂದಿದ್ದರೆ ಗೀಳಿನ ಕಾಯಿಲೆ ಇರಬಹುದು ಅಂತ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಆಮೇಲೆ 'ಹೋಗುವುದು' ಅನ್ನೋದನ್ನು ಬಿಡಿಸಿ ನೋಡಿದೆವು. ಮನೆಗೆ ಹೋಗುವುದು, ಗೆಳೆಯನ ಪಕ್ಕ ಕೂರುವುದು, ಸಾಂತ್ವನ ಹೇಳುವುದು, ಶವಕ್ಕೆ ಹೆಗಲು ಕೊಡುವುದು, ಧಾರ್ಮಿಕ ವಿಧಿಯಲ್ಲಿ ಸೇರುವುದು. ಕೊನೆಯದು ಬೇಡ ಅನ್ನುವುದರಲ್ಲಿ ಅವರಿಗೆ ಗೊಂದಲವೇ ಇರಲಿಲ್ಲ. ಸಾಂತ್ವನಕ್ಕೆ ಅಡ್ಡಿಯಿಲ್ಲ ಎಂದ ಉಲಮಾಗಳು (ಧರ್ಮ ವಿದ್ವಾಂಸರು) ಬಹಳ ಜನ. ಅನುಮಾನ ಉಳಿದದ್ದು ಹೆಗಲು ಕೊಡುವ ವಿಷಯದಲ್ಲಿ ಮಾತ್ರ. ಅದನ್ನು ನಿಮ್ಮನ್ನು ಬಲ್ಲ ಮೌಲವಿಯ ಮುಂದೆ ಕೂತು, ಪೂರ್ತಿ ಕಥೆ ಹೇಳಿ ಕೇಳಿ ಅಂದೆ.

ಗೆಳೆಯನ ಮನೆಗೆ ಈಗಲೇ ಹೋಗಿ ಅಂದೆ. ವಿಡಿಯೊ, ಫತ್ವಾ ಯಾವುದನ್ನೂ ಅಲ್ಲಿ ಎತ್ತಬೇಡಿ. "ಬರಬೇಕಿತ್ತು, ಹೆದರಿ ಬರಲಿಲ್ಲ," ಇಷ್ಟು ಸಾಕು. ಬೈದರೆ ಬೈಸಿಕೊಳ್ಳಿ. ಕ್ಷಮೆ ಕೇಳೋಕೆ ಹೋಗಿ ತಮ್ಮ ಸಂಕಟವನ್ನೇ ತೋಡಿಕೊಂಡು, ದುಃಖದಲ್ಲಿರುವವರಿಂದಲೇ ಸಮಾಧಾನ ಹೇಳಿಸಿಕೊಂಡು ಬರುವವರು ಜಾಸ್ತಿ. ಹಾಗೆ ಮಾಡಬೇಡಿ.

ಮುಂದಿನ ಭೇಟಿಯ ಹೊತ್ತಿಗೆ ಹೋಗಿ ಬಂದಿದ್ದರು. ಗೆಳೆಯ ಚೆನ್ನಾಗಿ ಬೈದನಂತೆ, ಅವನ ಅಮ್ಮ ಊಟಕ್ಕೆ ಕೂರಿಸಿದರಂತೆ. ಹೆಗಲು ಕೊಡುವ ಬಗ್ಗೆ ಮೌಲವಿ ಕೊಟ್ಟ ಉತ್ತರ ಪೂರ್ತಿ ಮನಸ್ಸಿಗೆ ಬಂದಿಲ್ಲ, ಇನ್ನೊಬ್ಬರನ್ನೂ ಕೇಳ್ತೀನಿ ಅಂದರು. ನಿದ್ದೆ ಬರ್ತಿದೆಯಂತೆ.